ಕೂಸಿನ ಮನೆಯ ಅಟ್ಟ

ಕೂಸಿನ ಕಾಲಿಗೆ ಹಳೇ ಸೀರೆಯ ಅಂಚನ್ನು ಸುತ್ತಿ, ಅದರ ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದು ಮೀನಾ ಕೆಲಸಕ್ಕೆ ಹೊರಡುತ್ತಿದ್ದಳು. ಗಂಟು ಹಾಕುವಾಗ ಕೂಸಿನ ಮುಖ ನೋಡುತ್ತಿರಲಿಲ್ಲ. ಅವಳ ತಾಯಿ ಭೂತಮ್ಮ ಬಾಗಿಲಲ್ಲಿ ನಿಂತು ಆ ಗಂಟನ್ನೇ ನೋಡುತ್ತಿದ್ದಳು. ಬಿಗಿಯಾದರೆ ಕಾಲು ಊದುತ್ತದೆ. ಸಡಿಲವಾದರೆ ಕೂಸು ಬಿಡಿಸಿಕೊಂಡು ಒಲೆಯ ಹತ್ತಿರ ಅಂಬೆಗಾಲಿಡುತ್ತದೆ. ಇವೆರಡರ ನಡುವಿನ ಗಂಟೊಂದನ್ನು ಮೀನಾ ಹೇಗೋ ಕಲಿತುಕೊಂಡಿದ್ದಳು.

"ರಾಮಕ್ಕಜ್ಜಿ, ಒಸಿ ನೋಡ್ಕಳವ್ವ," ಎಂದು ಪಕ್ಕದ ಜಗಲಿಯ ಕಡೆ ಕೂಗುವಳು.

"ಕಣ್ಣೆಲ್ಲೈತವ್ವ ನಂಗೆ ನೋಡಕ್ಕೆ. ಕಿವಿ ಕೊಟ್ಕಂಡಿರ್ತೀನಿ ಹೋಗು," ಎನ್ನುವಳು ಕಣ್ಣು ಮಂಜಾದ ಮುದುಕಿ ರಾಮಕ್ಕ. ಇಷ್ಟೇ ಆ ಕೂಸಿಗಿದ್ದ ಕಾವಲು.

ಕೂಸಿಗೆ ನಿಸರ್ಗ ಎಂದು ಹೆಸರಿಟ್ಟವನು ಅದರ ಅಪ್ಪ ರವಿಕಿರಣ್. ಅವನು ಕೊಬ್ಬರಿ ಲಾರಿಯ ಜೊತೆ ಉತ್ತರದ ಕಡೆ ಹೋದರೆ ಯಾವಾಗ ಬರುತ್ತಾನೋ ಹೇಳುವಂತಿರಲಿಲ್ಲ. ಗಾಳಿ ಬೆಳಕಿನಲ್ಲಿ ಓಡಾಡಿಕೊಂಡು ಬೆಳೆಯಲಿ ಅಂತ ಇಟ್ಟ ಹೆಸರು. ಆ ಹೆಸರಿನ ಕೂಸು ಮಂಚದ ಕಾಲಿನಿಂದ ಒಂದು ಮೊಳ ಆಚೆ ಹೋಗುವಂತಿರಲಿಲ್ಲ.

ತಾಯಿ ಮಗಳಿಬ್ಬರೂ ಊರ ಯಜಮಾನ ದೊಡ್ಡಣ್ಣನ ತೆಂಗಿನಕಾಯಿ ಪುಡಿಯ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ದಂಡಿನಶಿವರದ ಕಡೆಯಿಂದ ಬರುವವರಿಗೆ ಹೊನ್ನೆಕಟ್ಟೆಯ ತೋಟಸಾಲು ಮುಗಿಯುತ್ತಿದ್ದಂತೆ ಹುಳಿ ವಾಸನೆ ಮೂಗಿಗೆ ಬಡಿದರೆ ಅದೇ ಶೆಡ್ಡು. ಅಲ್ಲಿ ಗಂಡಸರು ಗೂಟದ ಮೇಲೆ ಮಟ್ಟೆ ಸುಲಿದು ಒಗೆಯುತ್ತಾರೆ. ಹೆಂಗಸರು ಕುಕ್ಕರುಗಾಲಲ್ಲಿ ಕೂತು ಸಣ್ಣ ಕೊಡಲಿಯಿಂದ ಚಿಪ್ಪು ಬಿಡಿಸಿ, ಒಳಗಿನ ಗುಂಡು ಒಡೆಯದಂತೆ ತೆಗೆದು, ಅದರ ಕಂದು ಸಿಪ್ಪೆಯನ್ನು ಬ್ಲೇಡಿನಲ್ಲಿ ಹೆರೆಯುತ್ತಾರೆ. ಆಮೇಲೆ ಗುಂಡು ಸೀಳಿದರೆ ಎಳನೀರಲ್ಲ, ಬಲಿತ ನೀರು, ಕೈಮೇಲೆ, ಮಡಿಲ ಮೇಲೆ, ಕಾಲ್ಬೆರಳ ಸಂದಿಗೆಲ್ಲ ಹರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಹುಳಿಯುತ್ತದೆ. ಬೆರಳ ತುದಿಯ ಚರ್ಮ ಬೆಳ್ಳಗಾಗಿ ಎದ್ದು ಬರುತ್ತದೆ. ಭೂತಮ್ಮನ ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಅಂಗಡಿಯ ಮಷೀನು ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಮೀನಾ ಹೋಗಿ ಒತ್ತಿ ಅಕ್ಕಿ ತರಬೇಕಾಗಿತ್ತು.

ಮೊದಲೆಲ್ಲ ಕೂಸುಗಳು ಶೆಡ್ಡಿಗೇ ಬರುತ್ತಿದ್ದವು. ತೊಲೆಗೆ ಸೀರೆ ಜೋಲಿ ಕಟ್ಟಿ ಮಲಗಿಸಿ, ಕಾಲಿನಿಂದ ಹಗ್ಗ ಜಗ್ಗುತ್ತಾ ಕೈಯಲ್ಲಿ ಸಿಪ್ಪೆ ಹೆರೆಯುತ್ತಿದ್ದರು. ಮೀನಾ ಬೆಳೆದದ್ದು ಹಾಗೆಯೇ. ಆಮೇಲೆ ಪುಡಿ ಕೊಳ್ಳುವ ಕಂಪನಿಯವರು ಟೋಪಿ ಹಾಕಿಕೊಂಡು ಬಂದು ನೋಡಿ ಹೋದರು. ಅವತ್ತೇ ದೊಡ್ಡಣ್ಣ ಶೆಡ್ಡಿನ ನಡುವೆ ನಿಂತು ಹೇಳಿದ್ದ.

"ನಾಳೆಯಿಂದ ಕೂಸ್ಗಳ್ನ ಕಟ್ಕಂಡು ಬರಂಗಿಲ್ಲ ಕಣ್ರಮ್ಮ. ಪುಡೀಲಿ ಒಂದು ಕೂದ್ಲು ಸಿಕ್ರೆ ಲೋಡ್ ಪೂರಾ ವಾಪಸ್ಸು. ಪಂಚಾಯ್ತಿಯೋರು ಕೂಸಿನ ಮನೆ ಮಾಡವ್ರಲ್ಲ, ಅಲ್ಲಿ ಬುಡ್ರಿ."

ಕೂಸಿನ ಮನೆ ಇದ್ದದ್ದು ನಿಜ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಸರ್ಕಾರ ಮಾಡಿದ್ದು. ಹಳೇ ಸ್ಕೂಲಿನ ಗಟ್ಟಿ ಆರ್‌ಸಿಸಿ ಕೋಣೆಗೆ ಸುಣ್ಣ ಬಳಿದು, ಗೋಡೆಗೆ ಗಿಣಿ, ಮೊಲ, ಅಆಇಈ ಬರೆಸಿ, ಬಲೂನು ಕಟ್ಟಿ, ಟೇಪು ಕತ್ತರಿಸಿದ್ದರು. ಕತ್ತರಿಸಿದವಳು ಪಂಚಾಯ್ತಿ ಅಧ್ಯಕ್ಷೆ ಗಂಗಲಕ್ಷ್ಮಿ.

ಗಂಗಲಕ್ಷ್ಮಿ ಎಂದರೆ ಹೊರಗಿನವಳಲ್ಲ. ಭೂತಮ್ಮನ ಕಾಲೋನಿಯವಳೇ. ಭೂತಮ್ಮನ ಪಕ್ಕದ ಮಣೆಯಲ್ಲೇ ಕೂತು ವರ್ಷಗಟ್ಟಲೆ ಸಿಪ್ಪೆ ಹೆರೆದವಳು. ಒಮ್ಮೆ ಬ್ಲೇಡು ಜಾರಿ ಅವಳ ಹೆಬ್ಬೆರಳು ಅರ್ಧ ಸೀಳಿದಾಗ ಭೂತಮ್ಮ ತನ್ನ ಸೆರಗಿನ ಅಂಚು ಹರಿದು ಕಟ್ಟಿದ್ದಳು. ಅಧ್ಯಕ್ಷರ ಸ್ಥಾನ ತಮ್ಮ ಜನದ ಹೆಂಗಸಿಗೆ ಅಂತ ಮೀಸಲಾಗಿ ಬಂದಾಗ, ಸಂಜೆ ಕೆಲಸ ಬಿಟ್ಟ ಕಾಲಲ್ಲೇ ಮನೆಮನೆ ತಿರುಗಿ ಓಟು ಕೇಳಿದವಳೂ ಭೂತಮ್ಮನೇ. ಗೆದ್ದ ದಿನ ಗಂಗಲಕ್ಷ್ಮಿ ತನ್ನ ಕೊರಳ ಹಾರ ತೆಗೆದು ಭೂತಮ್ಮನಿಗೆ ಹಾಕಿ, "ಇದು ನಿನ್ ಕುರ್ಚಿ ಕಣಕ್ಕ, ನಾನು ಸುಮ್ನೆ ಕೂತ್ಕತೀನಿ ಅಷ್ಟೇಯ," ಎಂದಿದ್ದಳು. ಆ ಮಾತನ್ನು ಭೂತಮ್ಮ ಯಾರಿಗೂ ಹೇಳಿಕೊಂಡಿರಲಿಲ್ಲ. ಎದೆಯೊಳಗೆ ಇಟ್ಟುಕೊಂಡಿದ್ದಳು.

ಕೂಸಿನ ಮನೆ ಒಂದಷ್ಟು ಕಾಲ ನಡೆಯಿತು. ನೋಡಿಕೊಳ್ಳುವ ಹೆಂಗಸರಿಗೆ ಸಂಬಳ ಬರದೆ ಅವರು ನಿಂತುಬಿಟ್ಟರು. ಬಾಗಿಲಿಗೆ ಬೀಗ ಬಿತ್ತು. ಅದು ಮೀನಾ ಬಸುರಿಯಾಗಿದ್ದ ಕಾಲ. ಅವಳು ಹೆತ್ತು, ಬಾಣಂತನ ಮುಗಿಯುವ ಹೊತ್ತಿಗೆ ಬಾಗಿಲು ತೆಗೆದೇ ತೆಗೆಯುತ್ತಾರೆ ಅಂತ ಭೂತಮ್ಮ ಧೈರ್ಯವಾಗಿದ್ದಳು. ಕುರ್ಚಿಯಲ್ಲಿ ಕೂತವಳು ಗಂಗಲಕ್ಷ್ಮಿ.

ಅಷ್ಟರಲ್ಲಿ ಹಿಡಿದ ಮಳೆಗೆ ದೊಡ್ಡಣ್ಣನ ಮನೆಯ ಅಟ್ಟ ಕುಸಿಯಿತು. ಗೆದ್ದಲು ತಿಂದ ತೊಲೆ. ಕಿತ್ತು ತಂದ ಕಾಯಿ ಅಂಗಳದಲ್ಲಿ ನೆನೆಯುತ್ತಿತ್ತು. ದೊಡ್ಡಣ್ಣ ಶೆಡ್ಡಿನ ಹೆಂಗಸರನ್ನು ಕರೆದ.

"ಮಳೆ ನಿಲ್ಲೋಗಂಟ ಆ ಸ್ಕೂಲ್ ರೂಮ್‌ಗೆ ಹಾಕ್ರಮ್ಮ. ಒಂದ್ ವಾರ. ಅಧ್ಯಕ್ಷರನ್ನ ಕೇಳಿವ್ನಿ."

ಅಧ್ಯಕ್ಷೆ ಅಲ್ಲೇ ಕೊಡೆ ಹಿಡಿದು ನಿಂತಿದ್ದಳು. ಭೂತಮ್ಮ ಅವಳ ಮುಖ ನೋಡಿದಳು. ಗಂಗಲಕ್ಷ್ಮಿ ತಲೆಯಾಡಿಸಿದಳು. ಅಷ್ಟು ಸಾಕಾಯಿತು. ಭೂತಮ್ಮ ಕುಕ್ಕೆ ತಲೆಗೇರಿಸಿದಳು. ಮಳೆಯಲ್ಲಿ, ಕೆಸರಲ್ಲಿ, ಕತ್ತು ಇಳಿದುಹೋಗುವಂತೆ ಅವಳೂ ಶೆಡ್ಡಿನ ಪುಟ್ಟಗೌರಮ್ಮನೂ ಉಳಿದವರೂ ಕಾಯಿ ಹೊತ್ತರು. ಒಳಗೆ ಗಂಡಾಳುಗಳು ಕಂಬ ನಿಲ್ಲಿಸಿ ಅಟ್ಟಕ್ಕೆ ಅಡಕೆ ಮರದ ದಬ್ಬೆ ಹಾಸುತ್ತಿದ್ದರು. ಒಂದು ವಾರಕ್ಕೆ ಯಾರಾದರೂ ದಬ್ಬೆ ಹಾಸುತ್ತಾರಾ ಅಂತ ಭೂತಮ್ಮ ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ. ಅವಳು ನೋಡಿದ್ದು ದಬ್ಬೆಯನ್ನಲ್ಲ, ಗಂಗಲಕ್ಷ್ಮಿಯ ತಲೆಯನ್ನು.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಟ್ಟಕ್ಕೇರಿದ ಕಾಯಿ ಕೊಬ್ಬರಿಯಾಗಿಯೇ ಇಳಿಯಬೇಕು. ಒಳಗಿನ ನೀರು ತಾನಾಗಿ ಇಂಗಿ, ಗುಂಡು ಚಿಪ್ಪು ಬಿಟ್ಟು, ಅಲುಗಿಸಿದರೆ ಗೊಟಗೊಟ ಅನ್ನಬೇಕು. ಅದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ನೀರಿರುವ ಕಾಯಿ ಅಲುಗಾಡಿದರೆ ಒಳಗೇ ಕೊಳೆಯುತ್ತದೆ. ಅಣ್ಣತಮ್ಮಂದಿರು ಪಾಲಾದಾಗಲೂ ಅಟ್ಟದ ಕಾಯಿ ತಂಟೆಗೆ ಹೋಗದ ಊರು ಅದು. ಕಾಯಿ ಇಲ್ಲದ ಕಾಲೋನಿಯವರೂ ಆ ಕಟ್ಟಳೆಯನ್ನು ತಮ್ಮದೇ ಅನ್ನುವಂತೆ ಪಾಲಿಸುತ್ತಿದ್ದರು.

ಮಳೆ ನಿಂತಿತು. ವಾರ ಹೋಯಿತು. ಅಟ್ಟದ ಕೆಳಗೆ ಮಟ್ಟೆಯ ಹೊಗೆ ಹಾಕಿದರು. ಗಿಣಿ ಕಪ್ಪಾಯಿತು. ಮೊಲ ಕಪ್ಪಾಯಿತು. ಮೀನಾ ಕೆಲಸಕ್ಕೆ ಮರಳಿದಳು. ಮರಳದಿದ್ದರೆ ಅವಳ ಮಣೆಗೆ ಬೇರೆಯವರು ಬರುತ್ತಿದ್ದರು. ಕೂಸಿನ ಕಾಲಿಗೆ ಸೀರೆ ಅಂಚು ಬಂತು.

ಸಂವಿಧಾನದ ದಿನ ಅಂತ ನವೆಂಬರ್ ಕೊನೆಯಲ್ಲಿ ಪಂಚಾಯ್ತಿ ಮುಂದೆ ಶಾಮಿಯಾನ ಹಾಕಿದರು. ಶೆಡ್ಡಿನ ಹೆಂಗಸರನ್ನೂ ಒಂದು ಗಂಟೆ ಬಿಟ್ಟು ಕಳಿಸಿದ್ದರು, ಕುರ್ಚಿ ತುಂಬಲಿ ಅಂತ. ಪಿಡಿಒ ಭೀಮರಾಜು ಒಳ್ಳೆಯ ಹುಡುಗ. ಚಿಕ್ಕನಾಯಕನಹಳ್ಳಿಯ ಕಡೆಯವನು. ತಮ್ಮ ಜನದವನೇ. ರಸ್ತೆಗೆ ಕಾಣುವ ಬಿಳೀ ಗೋಡೆ ಬೇಕೆಂದು ಪಕ್ಕದಲ್ಲೇ ಇದ್ದ ಕೂಸಿನ ಮನೆಯ ಹೊರಗೋಡೆಯ ಮೇಲೆಯೇ ನೀಲಿ ಅಕ್ಷರದಲ್ಲಿ ಬರೆಸಿದ್ದ. ರಾಜ್ಯ ನೀತಿ ನಿರ್ದೇಶಕ ತತ್ವಗಳು. ಅದರ ಕೆಳಗೆ ಒಂದರ ಕೆಳಗೊಂದು ಸಾಲು. ಗಂಗಲಕ್ಷ್ಮಿ ಮೈಕಿನಲ್ಲಿ ಓದುತ್ತಾ ಹೋದಳು. ಜನ ಅವಳ ಹಿಂದೆ ಹೇಳುತ್ತಾ ಹೋದರು. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ. ನ್ಯಾಯವಾದ, ಮಾನವೀಯವಾದ ಕೆಲಸದ ಸ್ಥಿತಿ. ಹೆರಿಗೆಯ ನೆರವು. ಮಕ್ಕಳು ಸ್ವಾತಂತ್ರ್ಯದಲ್ಲಿ, ಘನತೆಯಲ್ಲಿ, ಆರೋಗ್ಯವಾಗಿ ಬೆಳೆಯುವ ಅವಕಾಶ. ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಎಳವೆಯ ಆರೈಕೆ.

ಹೇಳುತ್ತಾ ಹೇಳುತ್ತಾ ಭೂತಮ್ಮನ ಬಾಯಿ ನಿಂತಿತು.

"ಇನ್ನೊಂದ್ ಸಲ ಓದೇ," ಎಂದಳು ಪಕ್ಕದ ಮೀನಾಗೆ. ಮೀನಾ ಗೋಡೆ ನೋಡಿ ಮೆಲ್ಲಗೆ ಓದಿದಳು. ಭೂತಮ್ಮ ಎದ್ದು ನಿಂತಳು.

"ಸಾರ್, ಒಂದ್ ಮಾತು. ಇದು ಯಾರ್ಗೆ ಬರ್ದಿರೋದು?"

ಭೀಮರಾಜು ಖುಷಿಯಾದ. "ಸರ್ಕಾರಕ್ಕಮ್ಮ. ಸರ್ಕಾರ ಅಂದ್ರೆ ಪಂಚಾಯ್ತಿನೂ ಸೇರ್ತು. ಹಿಂಗಿಂಗೆ ನಡ್ಕೋಬೇಕು ಅಂತ."

"ನಡ್ಕಳ್ದಿದ್ರೆ?"

ಅವನು ಮೈಕಿನ ವೈರು ಸರಿಮಾಡಿದ. "ಇವನ್ನ ಕೋರ್ಟಿಗೆ ಹೋಗಿ ಜಾರಿ ಮಾಡ್ಸಕ್ಕೆ ಬರಲ್ಲಮ್ಮ. ಹಂಗಂತ ಅಲ್ಲೇ ಬರ್ದೈತೆ. ಆದ್ರೆ ದೇಶದ ಆಳ್ವಿಕೆಗೆ ಇವೇ ತಳಹದಿ."

"ತಳಹದಿ ಅಂತೀರ. ಕೇಳಂಗಿಲ್ಲ ಅಂತೀರ."

"ದಾರಿ ತೋರ್ಸೋ ಮಾತಮ್ಮ ಅವು."

"ದಾರಿ ನಂಗೂ ಕಾಣ್ತೈತೆ ಸಾರ್. ಈ ಗೋಡೆ ಸುತ್ತಾಕ್ಕಂಡು ಹೋದ್ರೆ ಬಾಗ್ಲು. ಬಾಗ್ಲಿಗೆ ಬೀಗ. ಬೀಗದೊಳ್ಗೆ ಯಜಮಾನ್ರ ಕಾಯಿ."

ಶಾಮಿಯಾನದಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿದ್ದ ದೊಡ್ಡಣ್ಣ ಹಿಂದೆ ತಿರುಗದೆಯೇ ಹೇಳಿದ: "ಭೂತಿಗೆ ಮೈಕ್ ಕೊಡ್ರಪ್ಪ. ಮುಂದಿನ ಸಲ ಎಮ್ಮೆಲ್ಲೆಗೆ ನಿಲ್ಲುಸ್ಬುಡಣ." ನಗು ದೊಡ್ಡದಾಯಿತು. ವೇದಿಕೆಯ ಮೇಲೆ ಗಂಗಲಕ್ಷ್ಮಿಯೂ ನಕ್ಕಳು. ತುಟಿಯಲ್ಲಿ ಮಾತ್ರ, ಆದರೂ ನಕ್ಕಳು.

"ಆಮೇಲೆ ಮನೇತಾವ ಬಾರಕ್ಕ, ಮಾತಾಡಣ," ಎಂದಳು ಮೈಕಿನಲ್ಲೇ.

ಸಂಜೆ ಭೂತಮ್ಮ ಹೋದಳು. ಗಂಗಲಕ್ಷ್ಮಿಯ ಮನೆಗೆ ಈಗ ಟೈಲ್ಸು ಬಂದಿತ್ತು. ಕಾಲಿಂದ ಹುಳಿ ವಾಸನೆ ಬರುತ್ತದೆ ಅಂತ ಭೂತಮ್ಮ ತಾನಾಗಿಯೇ ಹೊಸಲಾಚೆ ಕೂತಳು. ಒಳಗೆ ಬಾ ಅಂತ ಗಂಗಲಕ್ಷ್ಮಿ ಅನ್ನಲಿಲ್ಲ. ಕಾಫಿ ತಂದುಕೊಟ್ಟಳು.

"ಎಲ್ಲಾರ್ ಮುಂದೆ ಹಂಗಾ ಅನ್ನಾದು?"

"ಒಂದ್ ವಾರ ಅಂದಿದ್ರು ಕಣೇ. ನೀನು ತಲೆ ಆಡಿಸ್ದೆ."

"ಆಡಿಸ್ದೆ. ಏನ್ಮಾಡಾನ ಹೇಳು? ಯಜಮಾನ್ರ ಕಡೆ ಮೆಂಬ್ರುಗಳು ಕೈ ಎತ್ತಿದ್ರೆ ನಾಳೆ ಬೆಳಗ್ಗೆಗೆ ಕುರ್ಚಿಯಿಂದ ಇಳ್ಸ್ತಾರೆ. ನಾನ್ ಇಳಿದ್ರೆ ನಮ್ಮೋರ್ ಮಾತು ಯಾರ್ ಕೇಳ್ತಾರೆ?"

"ಈಗ ಯಾರ್ ಕೇಳ್ತಾವ್ರೆ?"

ಗಂಗಲಕ್ಷ್ಮಿ ಹೆಬ್ಬೆರಳಿನ ಹಳೇ ಗಾಯದ ಗೆರೆಯನ್ನು ಇನ್ನೊಂದು ಬೆರಳಲ್ಲಿ ಉಜ್ಜುತ್ತಿದ್ದಳು. ಆಮೇಲೆ ಮಗುವಿಗೆ ಹೇಳುವಂತೆ ಹೇಳಿದಳು.

"ನೋಡಕ್ಕ, ಕಾಯಿ ಅಟ್ಟದ್ ಮೇಲೈತೆ. ಅದನ್ನ ಹೊತ್ತಾಕ್ದೋಳು ನೀನೇಯ. ಕೊಬ್ರಿ ಆಗೋಗಂಟ ಅದನ್ನ ಇಳ್ಸು ಅಂತ ಯಾವ್ ಬಾಯಲ್ ಕೇಳ್ಲಿ ನಾನು? ಊರಲ್ ಯಾರಾದ್ರೂ ಕೇಳವ್ರಾ? ಮುಂದಿನ ವರ್ಸ ತೆಗೆಸ್ಕೊಡ್ತೀನಿ ಬುಡು."

ಮುಂದಿನ ವರ್ಷಕ್ಕೆ ನಿಸರ್ಗ ಓಡಾಡುತ್ತಿರುತ್ತಾಳೆ. ಓಡಾಡುವ ಕೂಸನ್ನು ಕಟ್ಟಲು ಎಂಥ ಗಂಟು ಬೇಕು? ಭೂತಮ್ಮ ಕಾಫಿ ಲೋಟ ಕೆಳಗಿಟ್ಟಳು. ಕುಡಿದಿರಲಿಲ್ಲ. ದೊಡ್ಡಣ್ಣ ಮಾಡಿದ್ದು ಅವಳಿಗೆ ಹೊಸದಲ್ಲ. ದೊಡ್ಡಣ್ಣನಂಥವರು ಮಾಡುವುದೇ ಹಾಗೆ. ಆದರೆ "ಹೊತ್ತಾಕ್ದೋಳು ನೀನೇಯ" ಅನ್ನುವ ಮಾತು ಈ ಬಾಯಿಂದ ಬರುತ್ತದೆ ಅಂತ ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಲೋಟವನ್ನು ಹೊರಗಿನ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿ ಎದ್ದು ಬಂದಳು.

ಅದಾದ ಮೇಲೆ ಒಂದು ಮಧ್ಯಾಹ್ನ ತಾಯಿ ಮಗಳು ಊಟಕ್ಕೆ ಬಂದರು. ಬಾಗಿಲ ಹತ್ತಿರ ಬರುವಾಗಲೇ ಮೀನಾ ಓಡಿದಳು. ರಾಮಕ್ಕ ಅಕ್ಕರೆಗೆ ಒಂದು ಚೂರು ಬೆಲ್ಲವನ್ನು ಕೂಸಿನ ಕೈಗಿಟ್ಟು ಹೋಗಿದ್ದಳು. ಬೆಲ್ಲದ ಜಾಡು ಹಿಡಿದು ಕೆಂಪಿರುವೆ ಬಂದಿದ್ದವು. ಕೈಗೆ, ಬಾಯಿಗೆ, ಕಣ್ಣಿನ ಸುತ್ತ ಮುತ್ತಿದ್ದವು. ಕೂಸು ಎಳೆದಾಡಿದೆ. ಸರಿದು ಹೋಗಲು ನೋಡಿದೆ. ಗಂಟು ಬಿಟ್ಟಿಲ್ಲ. ಎಳೆದ ಎಳೆತಕ್ಕೆ ಕಾಲಿನ ಚರ್ಮ ಸುಲಿದು ರಕ್ತ ಬಂದು, ಅಲ್ಲಿಗೂ ಇರುವೆ. ಅತ್ತು ಅತ್ತು ಗಂಟಲು ಬಿದ್ದು, ಬಾಯಿ ಮಾತ್ರ ತೆರೆಯುತ್ತಿತ್ತು.

"ಅಳ್ತಿತ್ತು ಕಣವ್ವ. ಅವ್ವನ್ ನೆನಸ್ಕಂಡು ಅಳ್ತೈತೆ ಅನ್ಕಂಡೆ. ಸುಮ್ಕಾಯ್ತು. ನಿದ್ದೆ ಬಂತೇನೋ ಅನ್ಕಂಡೆ," ಎಂದು ರಾಮಕ್ಕ ಗೋಡೆ ತಡವುತ್ತಾ ಬಂದು ನಿಂತಳು.

ಮೀನಾ ಒಂದೊಂದೇ ಇರುವೆ ಕಿತ್ತಳು. ಅವಳು ಅಳಲಿಲ್ಲ. "ಎಷ್ಟು ಗಟ್ಟಿ ಹಾಕಿವ್ನಿ ನೋಡವ್ವ ಗಂಟ," ಎಂದಳು.

ಭೂತಮ್ಮ ಊಟಕ್ಕೆ ಕೂರಲಿಲ್ಲ. ಚಿಪ್ಪು ಬಿಡಿಸುವ ಕೊಡಲಿ ತೆಗೆದುಕೊಂಡಳು. "ಕೂಸ್ನ ಎತ್ಕಂಡ್ ಬಾ," ಎಂದಳು.

ಕೂಸಿನ ಮನೆಯ ಬೀಗ ಮೂರು ಏಟಿಗೂ ತಡೆಯಲಿಲ್ಲ. ಒಳಗೆ ಹೊಗೆಯ ಕಮಟು. ಅಟ್ಟಕ್ಕೆ ಏಣಿ ಒರಗಿಸಿಯೇ ಇತ್ತು. ಭೂತಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದಳು. ಕಾಯಿಗಳು ಒತ್ತೊತ್ತಾಗಿ, ಮಸಿ ಬಳಿದುಕೊಂಡು ಮಲಗಿದ್ದವು. ಒಂದನ್ನೆತ್ತಿ ಕಿವಿಯ ಹತ್ತಿರ ಅಲುಗಿಸಿದಳು. ನೀರು ಗುಳಕ್ ಎಂದಿತು. ಒಂದು ಕ್ಷಣ ಅವಳ ಕೈ ತಡೆಯಿತು. ಹುಟ್ಟಿದಾಗಿನಿಂದ ಕೈಗೆ ಕಲಿಸಿದ ತಡೆ ಅದು. ಆಮೇಲೆ ಕೆಳಗೆ ಬಿಟ್ಟಳು. ಕಾಯಿ ಧಪ್ಪೆಂದಿತು. ಇನ್ನೊಂದು. ಮತ್ತೊಂದು.

ಸದ್ದಿಗೆ ಶೆಡ್ಡಿನ ಹೆಂಗಸರು ಬಂದರು. ಬಾಗಿಲಲ್ಲೇ ನಿಂತರು.

"ಅಟ್ಟದ ಕಾಯಿ ಕಣಕ್ಕ, ಮುಟ್ಟಬ್ಯಾಡ, ಕೆಡ್ತದೆ," ಎಂದಳು ಪುಟ್ಟಗೌರಮ್ಮ.

"ಕೆಡ್ಲಿ. ಹೊತ್ತಾಕ್ದೋಳು ನಾನೇ. ಇಳ್ಸೋಳೂ ನಾನೇ."

ಪುಟ್ಟಗೌರಮ್ಮ ಮೀನಾಳ ತೋಳಿನಲ್ಲಿದ್ದ ಕೂಸಿನ ಮುಖ ನೋಡಿದಳು. ಊದಿ ಕಣ್ಣು ಮುಚ್ಚಿಹೋಗಿತ್ತು. ಅವಳ ಮಗನಿಗೂ ಮನೆಯಲ್ಲಿ ಒಂದು ಕಂಬ, ಒಂದು ಹಗ್ಗ ಇತ್ತು. ಅವಳು ಬಂದು ಏಣಿಯ ಬುಡದಲ್ಲಿ ಕೈಯೊಡ್ಡಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಮಳೆಯಲ್ಲಿ ಹೊತ್ತು ತಂದ ಸಾಲೇ ಈಗ ಹಿಂದುಮುಂದಾಗಿ ನಿಂತಿತು. ಕಾಯಿ ಕೈಯಿಂದ ಕೈಗೆ ಹೋಗಿ, ನೀಲಿ ಅಕ್ಷರದ ಗೋಡೆಯ ಕೆಳಗೆ ರಾಶಿಯಾಯಿತು.

ಅಟ್ಟ ಅರ್ಧ ಖಾಲಿಯಾಗುವ ಹೊತ್ತಿಗೆ ದೊಡ್ಡಣ್ಣನ ಬೈಕು ಬಂತು. ಭೀಮರಾಜುವೂ ಗಂಗಲಕ್ಷ್ಮಿಯೂ ಹಿಂದೆಯೇ ಬಂದರು. ದೊಡ್ಡಣ್ಣ ರಾಶಿ ನೋಡಿದ. ಅವನ ಮುಖ ಬಿಳಿಚಿತು.

"ಯಾರಪ್ಪನ್ ಗಂಟು ಅನ್ಕಂಡ್ಯೇ ಭೂತಿ? ಬೀಗ ಒಡೆದಿದ್ದೀಯ. ಪೊಲೀಸ್ ಕರಿತೀನಿ. ಕೋರ್ಟು ಹತ್ತುಸ್ತೀನಿ ನಿನ್ನ."

ಭೂತಮ್ಮ ಅಟ್ಟದಿಂದ ಇಳಿದಳು. ಮೈಯೆಲ್ಲ ಮಸಿ. ಆ ಮಾತು ಕೇಳಿ ಅವಳ ಮುಖದಲ್ಲಿ ಏನೋ ಹೊಳೆಯಿತು.

"ಹತ್ತುಸ್ರಿ ಯಜಮಾನ್ರೇ. ಕೂಸಿಗೆ ಕೋರ್ಟ್ ಇಲ್ಲ ಅಂದ್ರು ಸಾರು. ಕಾಯಿಗೈತಲ್ಲ, ಅದ್ರಲ್ಲೇ ಹೋಯ್ತೀನಿ. ಯಾಕಮ್ಮ ಬೀಗ ಒಡೆದೆ ಅಂತ ಜಡ್ಜ್ ಸಾಹೇಬ್ರು ಕೇಳ್ಳೇಬೇಕಲ್ಲ. ಆಗ ಹೇಳ್ತೀನಿ. ಫೋನ್ ಮಾಡ್ರಿ."

ದೊಡ್ಡಣ್ಣ ಫೋನು ತೆಗೆದಿದ್ದ. ಭೀಮರಾಜು ಅವನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದ. ಪಿಸುಮಾತು ಭೂತಮ್ಮನಿಗೆ ಕೇಳಿಸಿತು. "ಸರ್ಕಾರಿ ಬಿಲ್ಡಿಂಗ್‌ನಲ್ಲಿ ನಿಮ್ ಕಾಯಿ ಯಾಕಿತ್ತು ಅಂತ ಮೊದ್ಲು ಕೇಳ್ತಾರೆ ಸಾರ್. ನಂಗೂ ಕಷ್ಟ." ಫೋನು ಜೇಬಿಗೆ ಹೋಯಿತು. ಕೇಸಿಲ್ಲ. ಭೂತಮ್ಮ ನಿಂತಲ್ಲೇ ನಿಂತಳು. ಕೋರ್ಟಿನ ಆ ಒಂದು ಬಾಗಿಲನ್ನೂ ಮುಚ್ಚಿದವನು ಆ ಗೋಡೆ ಬರೆಸಿದ ಹುಡುಗನೇ.

ಗಂಗಲಕ್ಷ್ಮಿ ಹತ್ತಿರ ಬಂದಳು. ಭುಜ ಮುಟ್ಟಿ ಮೆಲ್ಲಗೆ ಹೇಳಿದಳು.

"ಯಜಮಾನ್ರು ದೊಡ್ಡ ಮನಸ್ ಮಾಡವ್ರೆ ಅಕ್ಕ. ಕೇಸ್ ಹಾಕಲ್ಲ. ಕೆಲ್ಸದಿಂದನೂ ಬಿಡ್ಸಲ್ಲ. ನಾನ್ ಹೇಳಿವ್ನಿ. ಈಗ ಒಡೆದೋಗಿರೋ ಕಾಯಿ ಬುಟ್ಟು, ಉಳಿದಿರೋವ್ನ ತಿರ್ಗ ಅಟ್ಟಕ್ಕಾಕ್ಬುಡು, ಕೆಟ್ಟಷ್ಟು ಕೆಡ್ಲಿ. ಎಲ್ಲಾರೂ ಸೇರಿದ್ರೆ ಸಂಜೆಗೆ ಮುಗೀತದೆ."

"ನಾನು ಹಾಕಲ್ಲ."

"ಅಕ್ಕ, ನನ್ ಮಾತಿಗೆ."

"ನಿನ್ ಮಾತಿಗೇ ಅವತ್ತು ಹೊತ್ತಿದ್ದು. ಇನ್ನ ಹೊರಲ್ಲ. ನೀನೂ ಹೊತ್ತಿರೋಳೇ ಅಲ್ವಾ ಗಂಗಿ. ನೀನೇ ಹೊರು."

ಯಾರೂ ಅಲುಗಲಿಲ್ಲ. ಪುಟ್ಟಗೌರಮ್ಮ ಕೈಕಟ್ಟಿದಳು. ಉಳಿದವರೂ ಕಟ್ಟಿದರು. ದೊಡ್ಡಣ್ಣ ಬೈಕಿಗೆ ಒರಗಿ ಗಂಗಲಕ್ಷ್ಮಿಯನ್ನೇ ನೋಡುತ್ತಿದ್ದ. ಗಂಗಲಕ್ಷ್ಮಿ ಅವನ ಕಡೆ ನೋಡಿದಳು, ಹೆಂಗಸರ ಕಡೆ ನೋಡಿದಳು. ಗಂಜಿ ಹಾಕಿದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ರಾಶಿಯಿಂದ ಒಂದು ಕಾಯಿ ಎತ್ತಿಕೊಂಡಳು. ಚುಚ್ಚಲೆಂದು ತಾನು ಅಂದ ಮಾತನ್ನು ಅವಳು ಹೀಗೆ ಮಾಡಿಯೇ ತೋರಿಸುತ್ತಾಳೆ ಅಂತ ಭೂತಮ್ಮ ಎಣಿಸಿರಲಿಲ್ಲ. ಗಂಗಲಕ್ಷ್ಮಿ ಯಾರ ಮುಖವನ್ನೂ ನೋಡದೆ ಕಾಯಿ ಹಿಡಿದು ಬಾಗಿಲೊಳಗೆ ಹೋದಳು.

ಭೂತಮ್ಮ ಮೀನಾಳ ತೋಳಿನಿಂದ ಕೂಸನ್ನು ತೆಗೆದುಕೊಂಡಳು. ಗಂಗಲಕ್ಷ್ಮಿಯ ಹಿಂದೆಯೇ ಒಳಗೆ ಹೋಗಿ ಅದನ್ನು ಮಸಿಯ ನೆಲದ ಮೇಲೆ ಬಿಟ್ಟಳು.

ಕೂಸು ಸ್ವಲ್ಪ ಹೊತ್ತು ಹಾಗೇ ಕೂತಿತ್ತು. ಅಭ್ಯಾಸಬಲದಿಂದ ಕಾಲು ಎಳೆದು ನೋಡಿತು. ಯಾರೂ ಹಿಂದಕ್ಕೆ ಎಳೆಯಲಿಲ್ಲ. ಅಂಬೆಗಾಲಿಟ್ಟು ಹೊರಟಿತು. ಎದುರಿಗೆ ಸಿಕ್ಕಿದ್ದು ಏಣಿ. ಕೆಳಗಿನ ಮೆಟ್ಟಿಲು ಹಿಡಿದು, ರಕ್ತ ಒಣಗಿದ ಕಾಲನ್ನು ಊರಿ, ಓಲಾಡುತ್ತಾ ಎದ್ದು ನಿಂತಿತು. ಏಣಿ ಹತ್ತಲು ಕಾಲೆತ್ತಿದ ಗಂಗಲಕ್ಷ್ಮಿ ಅದನ್ನು ಇಡಲು ಜಾಗವಿಲ್ಲದೆ ನಿಂತಳು.

"ಕೂಸ್ನ ತೆಗಿಯಕ್ಕ," ಎಂದಳು.

"ನೀನೇ ತೆಗಿ. ತಗಂಡೋಗಿ ಕಟ್ಟಾಕ್ಬಾ. ಮಂಚ ಎಲ್ಲೈತೆ ಅಂತ ಗೊತ್ತಲ್ಲ."

ಹೊರಗೆ ದೊಡ್ಡಣ್ಣ ಬೈಕಿನ ಹಾರನ್ ಒತ್ತಿದ. ಗಂಗಲಕ್ಷ್ಮಿಯ ಕೈಯಲ್ಲಿದ್ದ ಕಾಯಿಯೊಳಗೆ ನೀರು ಗುಳಕ್ ಎಂದಿತು. ಮತ್ತೆ ಎಂದಿತು. ಅವಳು ಅದನ್ನು ಮೇಲಕ್ಕೂ ಹಾಕಲಿಲ್ಲ, ಕೆಳಕ್ಕೂ ಇಡಲಿಲ್ಲ. ಕೂಸು ಏಣಿ ಬಿಡಲಿಲ್ಲ.